ಬೀಥೋವನ್ನನ ನಾಲ್ಕು ಸ್ವರ, ಮೈಸೂರಿನ ಕಿವಿ

ಬೆಳ್ಳಂದೂರಿನಲ್ಲಿ ನಾನಿರುವ ಬಾಡಿಗೆ ಕೋಣೆಯ ಕೆಳಗಿನ ಮನೆಯಲ್ಲಿ ಒಬ್ಬ ಹುಡುಗಿ ಕೀಬೋರ್ಡ್ ಕಲಿಯುತ್ತಿದ್ದಾಳೆ. ಸಂಜೆ ಹೊರವರ್ತುಲ ರಸ್ತೆಯ ಹಾರನ್ನುಗಳ ನಡುವೆ ಅವಳ ಅಭ್ಯಾಸ ಮೇಲಕ್ಕೆ ಬರುತ್ತದೆ: ಮೂರು ಚಿಕ್ಕ ಸ್ವರ, ಒಂದು ಉದ್ದ ಸ್ವರ. ಆಮೇಲೆ ಅದೇ ನಡೆ, ಒಂದು ಮೆಟ್ಟಿಲು ಕೆಳಗೆ. ಬೀಥೋವನ್ನನ ಐದನೇ ಸಿಂಫನಿಯ ಆರಂಭ. ಸ್ವರಗಳೆಲ್ಲ ಸರಿಯಾಗಿದ್ದರೂ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಕೆಲವು ದಿನ ಕೇಳಿದ ಮೇಲೆ ಗೊತ್ತಾಯಿತು: ಅವಳು ಮೊದಲ ಸ್ವರಕ್ಕೇ ಒತ್ತು ಕೊಡುತ್ತಿದ್ದಾಳೆ.

ಆ ಸಿಂಫನಿಯ ಸ್ವರಲಿಪಿ ತೆರೆದರೆ ಮೊದಲು ಕಾಣುವುದು ಸ್ವರವಲ್ಲ, ವಿರಾಮದ ಚಿಹ್ನೆ. ಒಂದು ಆವರ್ತಕ್ಕೆ ಎರಡು ಎಣಿಕೆ, ಅಂದರೆ ನಾಲ್ಕು ಅರೆ ಎಣಿಕೆಗಳು. ಮೊದಲ ಅರೆ ಎಣಿಕೆ ಖಾಲಿ. ಉಳಿದ ಮೂರರಲ್ಲಿ ಮೂರು ಚಿಕ್ಕ ಸ್ವರಗಳು. ಉದ್ದ ಸ್ವರ ಬೀಳುವುದು ಮುಂದಿನ ಆವರ್ತದ ಸಮದ ಮೇಲೆ. ಕೈ ತಟ್ಟಿದಾಗ ಸದ್ದಿಲ್ಲ. ಆಮೇಲೆ ‘ತಕಿಟ’, ಮತ್ತೆ ತಟ್ಟಿದಾಗ ‘ತಾಂ’. ನಮ್ಮ ಸಂಗೀತದಲ್ಲಿ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಂಡರೆ ಅದನ್ನು ಅನಾಗತ ಎನ್ನುತ್ತಾರೆ. ಕರ್ನಾಟಕ ಸಂಗೀತದ ಕಛೇರಿ ಕೇಳುವವರಿಗೆ ಇದು ಹೊಸದೇನಲ್ಲ. ಛಂದಸ್ಸಿನಲ್ಲಿ ಹೇಳುವುದಾದರೆ ಮೂರು ಲಘು, ಒಂದು ಗುರು. ನಗಣದ ಮುಂದೊಂದು ಗುರು. ‘ಕರೆದಿರಾ?’ ಎಂದು ಕೇಳಿ ನೋಡಿ, ಅದೇ ನಡೆ.

1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಈ ಸಿಂಫನಿ ಮೊದಲ ಬಾರಿ ಕೇಳಿಸಿತು. ಸುಮಾರು ನಾಲ್ಕು ಗಂಟೆಯ ಕಛೇರಿ, ಕೊರೆಯುವ ಚಳಿ. ಆ ಹೊತ್ತಿಗಾಗಲೇ ಬೀಥೋವನ್ನನ ಕಿವಿ ಮಂದವಾಗಿತ್ತು. ಮೊದಲ ಚಲನೆ ಬಹುಮಟ್ಟಿಗೆ ಈ ನಾಲ್ಕು ಸ್ವರಗಳಿಂದಲೇ ಬೆಳೆಯುತ್ತದೆ. ಮೂರನೇ ಚಲನೆಯಲ್ಲಿ ಹಾರ್ನ್‌ಗಳು ಅದೇ ಮೂರು-ಒಂದನ್ನು ಊದುತ್ತವೆ. ಆದರೆ ಅಲ್ಲಿ ಮೂರೆಣಿಕೆಯ ತಾಳ, ಮುಂದೆ ವಿರಾಮವಿಲ್ಲ, ಮೊದಲ ಸ್ವರವೇ ಸಮದ ಮೇಲೆ. ಕೆಳಗಿನ ಮನೆಯ ಹುಡುಗಿ ಮೊದಲ ಚಲನೆಯಲ್ಲಿ ಮಾಡುವ ತಪ್ಪು ಮೂರನೆಯದರಲ್ಲಿ ಸರಿಯಾಗಿಬಿಡುತ್ತದೆ!

ಈ ನಾಲ್ಕು ಸ್ವರಗಳಿಗೆ ಅಂಟಿದ ಕಥೆಗಳು ಹಲವು. ವಿಧಿ ಬಾಗಿಲು ತಟ್ಟುವ ಸದ್ದು ಎಂದು ಬೀಥೋವನ್ ಹೇಳಿದನೆಂದವನು ಅವನ ಕಾರ್ಯದರ್ಶಿ ಶಿಂಡ್ಲರ್. ಬೀಥೋವನ್ನನ ಸಂಭಾಷಣೆ ಪುಸ್ತಕಗಳಲ್ಲಿ ತಾನೇ ಸುಳ್ಳು ಸಾಲುಗಳನ್ನು ತುರುಕಿದವನು ಅವನು. ಅವನ ಮಾತನ್ನು ಪೂರ್ತಿ ನಂಬುವಂತಿಲ್ಲ. ಶಿಷ್ಯ ಚೆರ್ನಿಯ ಪ್ರಕಾರ ಅದು ಒಂದು ಹಕ್ಕಿಯ ಕೂಗು. 1941ರಲ್ಲಿ ಬಿಬಿಸಿ ಇದನ್ನೇ ನಗಾರಿಯ ಮೇಲೆ ಬಾರಿಸಿ ಗೆಲುವಿನ ಗುರುತಾಗಿಸಿತು. ಮೋರ್ಸ್ ಸಂಕೇತದಲ್ಲಿ ‘ವಿ’ ಅಕ್ಷರವೆಂದರೆ ಮೂರು ಚುಕ್ಕಿ, ಒಂದು ಗೆರೆ. ಆ ಸಂಕೇತ ಹುಟ್ಟಿದ್ದು ಬೀಥೋವನ್ ಸತ್ತ ಮೇಲೆ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ.

ಯುದ್ಧ ಮುಗಿದ 1945ರಲ್ಲೇ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದರು. ಮುಂದೆ ಅದು ಕಾರಾಯಾನ್ ನಿರ್ದೇಶನದಲ್ಲಿ ಬೀಥೋವನ್ನನ ಸಿಂಫನಿಗಳನ್ನು ಧ್ವನಿಮುದ್ರಿಸಿತು. ಆದರೆ ಶುರುವಿನ ಕಷ್ಟದ ವರ್ಷಗಳಲ್ಲಿ ಅದಕ್ಕೆ ನೆರವಾದ ಹಣದ ಒಂದು ಪಾಲು ಹೋದದ್ದು ಮೈಸೂರಿನಿಂದ. ಜಯಚಾಮರಾಜ ಒಡೆಯರ್ (1919-1974) 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಆತ ತನ್ನ ಮೂರನೇ ಪಿಯಾನೊ ಕಾನ್ಸೆರ್ಟೊವನ್ನು ಅವರಿಗೇ ಅರ್ಪಿಸಿದ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿದ್ದೂ ಅವರ ನೆರವಿನಿಂದಲೇ.

ಇದೇ ಒಡೆಯರ್ ಮೈಸೂರು ವಾಸುದೇವಾಚಾರ್ಯರ ಆಸ್ಥಾನ ಪರಂಪರೆಯಲ್ಲಿ ಬೆಳೆದವರು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಕೂಡ ಹೌದು. ನಮ್ಮ ಬರವಣಿಗೆಗಳು ಇವನ್ನು ಎರಡು ಪೆಟ್ಟಿಗೆಗಳಲ್ಲಿ ಇಡುತ್ತವೆ. ಕೃತಿಗಳೆಂದರೆ ಪರಂಪರೆ, ಪಿಯಾನೊ ಎಂದರೆ ರಾಜರ ಹವ್ಯಾಸ. ಮೈಸೂರು ಆಸ್ಥಾನ ಸಂಗೀತದ ಮೇಲಿನ ನನ್ನ ಪ್ರಬಂಧದ ಕರಡಿನಲ್ಲೂ ಇದಕ್ಕೆ ಎರಡು ಅಧ್ಯಾಯಗಳಿದ್ದವು. ಎರಡನೆಯದಕ್ಕೆ ನಾನೇ ‘ಪಾಶ್ಚಾತ್ಯ ಒಲವು’ ಎಂದು ಹೆಸರಿಟ್ಟಿದ್ದೆ.

ಆದರೆ ಕೇಳುವವರ ಕಿವಿ ಹೀಗೆ ಅಧ್ಯಾಯ ಮಾಡಿಕೊಳ್ಳುವುದಿಲ್ಲ. ಅನಾಗತವನ್ನು ಬಲ್ಲ ಕಿವಿ ಆ ಮೊದಲ ವಿರಾಮವನ್ನು ಗುರುತಿಸದೆ ಇರುವುದು ಕಷ್ಟ. ಅರಮನೆಯಲ್ಲಿ ಎರಡು ಸಂಗೀತಗಳೂ ಒಂದೇ ಮನೆಯವಾಗಿದ್ದವು. ಅವನ್ನು ಬೇರ್ಪಡಿಸಿ ಬರೆಯುವುದು ನಮ್ಮ ಅನುಕೂಲಕ್ಕೆ, ಅವರ ಅನುಭವಕ್ಕಲ್ಲ. ಎರಡು ಅಧ್ಯಾಯಗಳನ್ನು ಒಂದಾಗಿಸುವ ಕೆಲಸ ಈಗ ನಡೆದಿದೆ. ಸಲ್ಲಿಕೆ ಆರು ತಿಂಗಳಾದರೂ ತಡವಾಗುತ್ತದೆ. ವಿದ್ಯಾರ್ಥಿವೇತನದ ಲೆಕ್ಕದಲ್ಲಿ ಅದು ಸಣ್ಣ ಮಾತಲ್ಲ.

ಕಳೆದ ಭಾನುವಾರ ಮೆಟ್ಟಿಲ ಬಳಿ ಆ ಹುಡುಗಿ ಸಿಕ್ಕಳು. ಅವಳಿಗೆ ಸ್ವರಲಿಪಿಯ ಪಾಠ ಹೇಳಲಿಲ್ಲ. ಮೊದಲು ಚಪ್ಪಾಳೆ ತಟ್ಟಿ ಆಮೇಲೆ ‘ಕರೆದಿರಾ’ ಎನ್ನು, ‘ರಾ’ ಬರುವಾಗ ಮತ್ತೆ ತಟ್ಟು ಎಂದೆ. ನಕ್ಕಳು, ಎರಡು ಸಲ ತಪ್ಪಿದಳು, ಮೂರನೆಯ ಸಲ ಸರಿಯಾಯಿತು.