ಅಪ್ಪ ಹರಿದು ಹಾಕಿದ ಹಾಳೆ

ಎರಡು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದೂವರೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಅಪ್ಪನನ್ನು ಆಂಜಿಯೋಪ್ಲಾಸ್ಟಿಗೆ ಒಳಗೆ ಕರೆದುಕೊಂಡು ಹೋಗಿದ್ದರು. ಬೆಂಗಳೂರಿನಿಂದ ಓಡಿ ಬಂದಿದ್ದ ನಾನು ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿದ್ದೆ. "ಪಾಲಿಸಿ ನಂಬರ್ ಹೇಳಿ ಸರ್, ಇಲ್ಲಾಂದ್ರೆ ಇ-ಕಾರ್ಡ್ ತೋರಿಸಿ" ಅಂದರು. ಕಾರ್ಡ್ ಇದ್ದದ್ದು ವಿಮೆ ಕಂಪನಿಯ ವೆಬ್‌ಸೈಟಿನಲ್ಲಿ. ಅದರ ಪಾಸ್‌ವರ್ಡ್ ಇದ್ದದ್ದು ಅಪ್ಪನ ತಲೆಯಲ್ಲಿ. ಅಪ್ಪ ಇದ್ದದ್ದು ಗಾಜಿನ ಬಾಗಿಲಿನ ಆಚೆ.

"ಫರ್ಗಾಟ್ ಪಾಸ್‌ವರ್ಡ್" ಒತ್ತಿದೆ. ಲಿಂಕ್ ಹೋಗಿದ್ದು ಅಪ್ಪ ಕೆಲಸದಲ್ಲಿದ್ದಾಗ ಮಾಡಿಸಿಕೊಂಡಿದ್ದ ಹಳೇ ಇಮೇಲ್‌ಗೆ. ಅದರ ಪಾಸ್‌ವರ್ಡೂ ಗೊತ್ತಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಅಮ್ಮ ಹೇಳಿದಳು, "ಹಳೇ ಸ್ಕೂಟರ್ ನಂಬರ್ ಇಟ್ಕೊಂಡಿರ್ತಾರೆ ಕಣೋ. ಅದರ ಮುಂದೆ ಇನ್ನೇನೋ ಸೇರಿಸ್ತಾರೆ." ಮೂರು ಸಲ ಊಹಿಸಿ ಹಾಕಿದೆ. ಮೂರನೇ ಸಲಕ್ಕೆ ಅಕೌಂಟ್ ಲಾಕ್ ಆಯಿತು, 24 ಗಂಟೆ ಕಾಯಬೇಕಂತೆ.

"ಅಮ್ಮ, ಅಪ್ಪನ ಲೆಕ್ಕದ ಪುಸ್ತಕದ ಕೊನೇ ಹಾಳೇಲಿ ಎಲ್ಲಾ ಬರೆದಿತ್ತಲ್ಲ?"

"ಅದನ್ನ ಹರಿದು ಹಾಕಿದ್ರಲ್ಲೋ. ಯುಗಾದಿಗೆ ಬಂದಾಗ ನೀನೇ ಅಲ್ವಾ ಬೈದಿದ್ದು?"

ಹೌದು, ನಾನೇ. ಸಾಫ್ಟ್‌ವೇರಿನವನೆಂಬ ಗತ್ತಿನಲ್ಲಿ ಭಾಷಣ ಬಿಗಿದಿದ್ದೆ. "ಪಾಸ್‌ವರ್ಡ್ ಬರೆದಿಡೋದು ಅಂದ್ರೆ ಬೀಗ ಹಾಕಿ ಬೀಗದ ಕೈನ ಬಾಗಿಲಿಗೇ ನೇತು ಹಾಕಿದ ಹಾಗೆ ಅಪ್ಪ." ಅವರು ಎದುರು ಮಾತಾಡಲಿಲ್ಲ. "ಆಯ್ತು ಬಿಡಪ್ಪ" ಅಂದಿದ್ದರು, ಅಷ್ಟೇ.

ಡೆಪಾಸಿಟ್ಟನ್ನು ನನ್ನ ಕಾರ್ಡಿನಿಂದ ಕಟ್ಟಿದೆ. ಅಪ್ಪ ಹುಷಾರಾದರು, ಒಂದಷ್ಟು ವಾರ ಓಡಾಡಿದ ಮೇಲೆ ದುಡ್ಡೂ ವಾಪಸ್ ಬಂತು. ಆದರೆ ಆ ಹಾಳೆ ಮಾತ್ರ ತಲೆಯಿಂದ ಹೋಗಲಿಲ್ಲ. ಬರೆದಿಡಬಾರದು ಅನ್ನೋದನ್ನು ನನಗೆ ಹೇಳಿಕೊಟ್ಟಿದ್ದು ಆಫೀಸಿನ ಟ್ರೈನಿಂಗ್. ಆಫೀಸಿಗೆ ಯಾರು ಹೇಳಿಕೊಟ್ಟರು? ಹುಡುಕಿ ಓದುತ್ತಾ ಹೋದೆ.

ಮೊದಲು ಸಿಕ್ಕಿದ್ದು ರೋಮನ್ ಸೈನ್ಯ. ಕ್ರಿಸ್ತಪೂರ್ವ 2ನೇ ಶತಮಾನದ ಇತಿಹಾಸಕಾರ ಪಾಲಿಬಿಯಸ್ ಅವರ ಶಿಬಿರದ ಪದ್ಧತಿಯನ್ನು ವಿವರಿಸಿದ್ದಾನೆ. ಸಂಜೆಯಾದರೆ ಆ ರಾತ್ರಿಯ ಸಂಕೇತಪದವನ್ನು ಒಂದು ಮರದ ಹಲಗೆಯ ಮೇಲೆ ಬರೆದು ಕೊಡುತ್ತಿದ್ದರು. ಶಿಬಿರದ ತುದಿಯಲ್ಲಿರುವ ತುಕಡಿಯಿಂದ ಶುರುವಾಗಿ, ಸಾಕ್ಷಿಗಳ ಎದುರು ಕೈಯಿಂದ ಕೈಗೆ ದಾಟುತ್ತಾ, ಕತ್ತಲಾಗುವ ಮೊದಲು ಹಲಗೆ ಅಧಿಕಾರಿಯ ಡೇರೆಗೆ ವಾಪಸ್ ಬರಬೇಕು. ಬರದಿದ್ದರೆ ಉಳಿದ ಹಲಗೆಗಳ ಗುರುತು ನೋಡಿ ಎಲ್ಲಿ ನಿಂತುಹೋಗಿದೆ ಎಂದು ಪತ್ತೆ ಹಚ್ಚುತ್ತಿದ್ದರು. ತಪ್ಪಿತಸ್ಥನಿಗೆ ಶಿಕ್ಷೆ. ಗಮನಿಸಿ, ಅವರು ಪಾಸ್‌ವರ್ಡನ್ನು ಬರೆಯುತ್ತಿದ್ದರು! ಬರೆಯೋದು ತಪ್ಪಾಗಿರಲಿಲ್ಲ. ಬರೆದದ್ದು ಯಾರ ಕೈಯಲ್ಲಿದೆ ಅನ್ನೋ ಲೆಕ್ಕ ತಪ್ಪಬಾರದಿತ್ತು.

ಬರೆದುಕೊಳ್ಳದೆ ಕೆಟ್ಟವನೂ ಒಬ್ಬನಿದ್ದಾನೆ, ಕಥೆಯಲ್ಲಿ. ಆಲಿಬಾಬಾನ ಅಣ್ಣ ಕಾಸಿಂ. 18ನೇ ಶತಮಾನದ ಆರಂಭದಲ್ಲಿ ಆಂಟ್ವಾನ್ ಗಲ್ಲಾಂ ಈ ಕಥೆಯನ್ನು ಫ್ರೆಂಚಿನಲ್ಲಿ ಪ್ರಕಟಿಸಿದ. ಅಲ್ಲಿ ಬಾಗಿಲು ತೆರೆಸುವ ಮಾತು ಎಳ್ಳು, ಅಂದರೆ ಸೆಸಮಿ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ನಮ್ಮ ಸೇಸಮ್ಮ ಆಗಿಬಿಟ್ಟಿತು. ಕಾಸಿಂ ಒಳಗೆ ಹೋದ, ಚಿನ್ನ ತುಂಬಿಕೊಂಡ, ಹೊರಗೆ ಬರುವಾಗ ಪದ ಮರೆತ. ಬಾರ್ಲಿಯಿಂದ ಹಿಡಿದು ನೆನಪಿಗೆ ಬಂದ ಧಾನ್ಯಗಳನ್ನೆಲ್ಲ ಕೂಗಿದ. ಆಮೇಲೆ ಕಳ್ಳರು ಬಂದರು. ಬಿಲ್ಲಿಂಗ್ ಕೌಂಟರ್ ಮುಂದೆ ಸ್ಕೂಟರ್ ನಂಬರ್ ಹಾಕುತ್ತಾ ನಿಂತಿದ್ದ ನನಗೂ ಅವನಿಗೂ ದೊಡ್ಡ ವ್ಯತ್ಯಾಸವೇನಿಲ್ಲ.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಶುರುವಿನಲ್ಲಿ, ಅಮೆರಿಕದ ಎಂಐಟಿಯಲ್ಲಿ. ಆಗ ಒಂದು ಕಂಪ್ಯೂಟರ್ ಅಂದರೆ ಒಂದು ಕೋಣೆ. ಫರ್ನಾಂಡೊ ಕೊರ್ಬಾಟೊ ಮತ್ತು ಅವರ ತಂಡ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಕಟ್ಟಿ, 1961ರಲ್ಲಿ ಮಾಡಿ ತೋರಿಸಿದರು. ಯಂತ್ರ ಒಂದೇ, ಜನ ಹಲವರು. ಇವನ ಕಡತ ಅವನು ನೋಡಬಾರದು. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್. ಹಾಸ್ಟೆಲಿನ ಬೀರುಗಳಿಗೆ ಬೀಗ ಹಾಕಿದ ಹಾಗೆ.

ಮೊದಲ ಕಳ್ಳತನಕ್ಕೆ ತಡವಾಗಲಿಲ್ಲ. ಅಲನ್ ಶೆರ್ ಎಂಬ ಪಿಎಚ್‌ಡಿ ವಿದ್ಯಾರ್ಥಿಗೆ ವಾರಕ್ಕೆ 4 ಗಂಟೆ ಕಂಪ್ಯೂಟರ್ ಸಮಯ ಕೊಟ್ಟಿದ್ದರು. ಸಾಲುತ್ತಿರಲಿಲ್ಲ. 1962ರ ಒಂದು ಶುಕ್ರವಾರ ರಾತ್ರಿ ಅವನು ಪಂಚ್ ಕಾರ್ಡಿನಲ್ಲಿ ಒಂದು ಕೋರಿಕೆ ಹಾಕಿದ: ಇಂಥ ಕಡತ ಪ್ರಿಂಟ್ ಮಾಡಿ. ಅದು ಎಲ್ಲರ ಪಾಸ್‌ವರ್ಡ್ ಇದ್ದ ಕಡತ. ಶನಿವಾರ ಬೆಳಿಗ್ಗೆ ಹೋಗಿ ಪ್ರಿಂಟೌಟ್ ಎತ್ತಿಕೊಂಡು ಬಂದ. ಕೊರ್ಬಾಟೊ ಮುಂದೆ ತಪ್ಪೊಪ್ಪಿಕೊಂಡದ್ದು ಸುಮಾರು ಕಾಲು ಶತಮಾನದ ನಂತರ. 1966ರಲ್ಲಂತೂ ಕಳ್ಳನೇ ಬೇಕಾಗಲಿಲ್ಲ. ಲಾಗಿನ್ ಆದವರಿಗೆಲ್ಲ ಕಾಣುವ ದಿನದ ಸೂಚನೆಯ ಕಡತವೂ ಪಾಸ್‌ವರ್ಡ್ ಕಡತವೂ ಅದಲುಬದಲಾಗಿ, ಲಾಗಿನ್ ಆದವರ ಮುಂದೆಲ್ಲ ಎಲ್ಲರ ಪಾಸ್‌ವರ್ಡ್ ಅಚ್ಚಾಗತೊಡಗಿತು.

ಈ ಎರಡೂ ಪ್ರಕರಣದಲ್ಲಿ ಚೀಟಿ ಬರೆದಿಟ್ಟ ಬಳಕೆದಾರನ ಪಾತ್ರ ಏನೂ ಇಲ್ಲ. ಸೋರಿದ್ದು ಯಂತ್ರ.

ಅಲ್ಲಿಂದ ಮುಂದೆ ಯಂತ್ರದ ಕಡೆ ರಿಪೇರಿ ಚೆನ್ನಾಗಿಯೇ ನಡೆಯಿತು. ಯೂನಿಕ್ಸ್ ತಂಡದವರು ಪಾಸ್‌ವರ್ಡನ್ನು ಇದ್ದ ಹಾಗೆ ಇಡದೆ, ಹಿಂದಕ್ಕೆ ಬಿಡಿಸಲಾಗದಂತೆ ಕಲಸಿ ಇಡತೊಡಗಿದರು. ಆಮೇಲೆ ಮನುಷ್ಯರ ಕಡೆ ತಿರುಗಿದರು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 3,289 ಪಾಸ್‌ವರ್ಡ್‌ಗಳನ್ನು ಪರೀಕ್ಷಿಸಿ ಪ್ರಬಂಧ ಬರೆದರು. 15 ಜನ ಒಂದೇ ಒಂದು ಅಕ್ಷರ ಇಟ್ಟುಕೊಂಡಿದ್ದರು, 72 ಜನ ಎರಡು, 464 ಜನ ಮೂರು. ಒಟ್ಟಾರೆ 2,831, ಅಂದರೆ ಶೇಕಡಾ 86ರಷ್ಟು, ಸುಲಭವಾಗಿ ಊಹಿಸಬಹುದಾದವು.

ಬೈದ ಮೇಷ್ಟ್ರ ಪಾಸ್‌ವರ್ಡ್ ಹೇಗಿತ್ತು? ಹಳೇ ಯೂನಿಕ್ಸ್ ಕಡತವೊಂದರಲ್ಲಿ ಉಳಿದುಕೊಂಡಿದ್ದ ಥಾಂಪ್ಸನ್‌ರ ಪಾಸ್‌ವರ್ಡನ್ನು 2019ರಲ್ಲಿ ಒಬ್ಬರು ಆಟದ ಗ್ರಾಫಿಕ್ಸ್ ಕಾರ್ಡನ್ನು ನಾಲ್ಕು ದಿನಕ್ಕೂ ಹೆಚ್ಚು ಹೊತ್ತು ಓಡಿಸಿ ಒಡೆದರು. 'ಪಿ/ಕ್ಯೂ2-ಕ್ಯೂ4!' ಅಂತ ಇತ್ತು. ರಾಣಿಯ ಮುಂದಿನ ಪದಾತಿಯನ್ನು ಎರಡು ಮನೆ ನಡೆಸುವ ಚದುರಂಗದ ನಡೆ ಅದು. ಥಾಂಪ್ಸನ್‌ಗೆ ಚದುರಂಗದ ಹುಚ್ಚು, ಅದನ್ನಾಡುವ ಯಂತ್ರವನ್ನೇ ಕಟ್ಟಿದವರು. ಅದೇ ಕಡತದಲ್ಲಿ ಸ್ಟೀವ್ ಬೋರ್ನ್ ಎಂಬ ಇನ್ನೊಬ್ಬ ದಿಗ್ಗಜರ ಪಾಸ್‌ವರ್ಡ್ 'ಬೋರ್ನ್'. ಅಷ್ಟು ದೊಡ್ಡವರೂ ತಮಗೆ ಪ್ರೀತಿಯಾದ, ಮರೆಯಲಾಗದ ಒಂದನ್ನೇ ಹಿಡಿದುಕೊಂಡರು. ಅಪ್ಪನ ಸ್ಕೂಟರ್ ಹಾಗೆ.

ನಮಗೆ ಎಷ್ಟು ನೆನಪಿರುತ್ತೆ ಎಂದು ಯಾರಾದರೂ ಕೇಳಿದ್ದು ಉಂಟಾ? ಒಮ್ಮೆ ಕೇಳಿದ್ದರು, ಅಡುಗೆಮನೆಯ ಟೇಬಲ್ಲಿನಲ್ಲಿ. 1967ರ ಜೂನ್‌ನಲ್ಲಿ ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಹಣ ಕೊಡುವ ಯಂತ್ರ ಶುರುವಾಯಿತು. ಅದರ ಹಿಂದಿದ್ದವರು ನಮ್ಮ ಶಿಲ್ಲಾಂಗ್‌ನಲ್ಲಿ ಹುಟ್ಟಿದ ಜಾನ್ ಶೆಫರ್ಡ್-ಬ್ಯಾರನ್. ತಮ್ಮ ಸೈನ್ಯದ ನಂಬರಿನ ಹಾಗೆ ಆರಂಕಿ ಇರಲಿ ಅಂತ ಅವರ ಯೋಚನೆ. ಹೆಂಡತಿ ಕ್ಯಾರೊಲೈನ್, ನನಗೆ ನಾಲ್ಕೇ ನೆನಪಿರೋದು ಅಂದರು. ನಾಲ್ಕೇ ಆಯಿತು. ಪಿನ್ ಮೊದಲು ಯಾರದು ಅನ್ನೋ ಜಗಳ ಬೇರೆ ಇದೆ, 1966ರಲ್ಲೇ ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೊ ಪೇಟೆಂಟ್ ಹಾಕಿದ್ದರು. ಇರಲಿ. ಎಟಿಎಂ ಕಾರ್ಡಿನ ನಾಲ್ಕಂಕಿ ಅಪ್ಪ ಇವತ್ತಿನವರೆಗೂ ಮರೆತಿಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಯಾರೂ ಕೇಳಲಿಲ್ಲ. ದೊಡ್ಡಕ್ಷರ ಹಾಕಿ, ಅಂಕಿ ಹಾಕಿ, ಚಿಹ್ನೆ ಹಾಕಿ, ಆಗಾಗ ಬದಲಿಸಿ ಅನ್ನುವ ನಮ್ಮೆಲ್ಲರ ಗೋಳಿನ ಬಹುಪಾಲು 2003ರಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಿಲ್ ಬರ್ ಬರೆದ ಕೈಪಿಡಿಗೆ ಹೋಗಿ ಮುಟ್ಟುತ್ತದೆ. ಸಮಯ ಕಡಿಮೆಯಿತ್ತು, ನಿಜವಾದ ಪಾಸ್‌ವರ್ಡ್‌ಗಳ ಅಂಕಿಅಂಶ ಸಿಗಲಿಲ್ಲ. 1980ರ ದಶಕದ ಒಂದು ಹಳೇ ವರದಿ ಇಟ್ಟುಕೊಂಡು ಬರೆದರು. ಜಗತ್ತಿನ ಆಫೀಸುಗಳೆಲ್ಲ ಅದನ್ನು ಶಾಸನದಂತೆ ಪಾಲಿಸಿದವು. ಜನ ಏನು ಮಾಡಿದರು? ಹಳೇದರ ಬಾಲಕ್ಕೆ 1 ಸೇರಿಸಿದರು, ಮುಂದಿನ ಸಲ 2. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದ್ದು ಇದನ್ನೇ. ಹಳೇ ಪಾಸ್‌ವರ್ಡ್ ಗೊತ್ತಿದ್ದರೆ, ಶೇಕಡಾ 17ರಷ್ಟು ಅಕೌಂಟ್‌ಗಳ ಹೊಸದನ್ನು ಐದು ಊಹೆಯೊಳಗೆ ಹಿಡಿಯಬಹುದಿತ್ತು. 2017ರಲ್ಲಿ ನಿಸ್ಟ್ ತನ್ನ ನಿಯಮ ಬದಲಿಸಿತು: ಸುಮ್ಮಸುಮ್ಮನೆ ಬದಲಿಸಲು ಹೇಳಬೇಡಿ, ಚಿಹ್ನೆಗಳ ಕಾಟ ಕೊಡಬೇಡಿ, ಉದ್ದವಿರಲಿ ಸಾಕು. ಅದೇ ವರ್ಷ, ನಿವೃತ್ತರಾಗಿದ್ದ ಬರ್, ತಾವು ಬರೆದದ್ದರಲ್ಲಿ ಬಹಳಷ್ಟಕ್ಕೆ ವಿಷಾದವಿದೆ ಎಂದು ಪತ್ರಿಕೆಯ ಮುಂದೆ ಒಪ್ಪಿಕೊಂಡರು. ಹದಿನಾಲ್ಕು ವರ್ಷದ ನಂತರ!

ಬರೆದಿಡುವ ಬಗ್ಗೆಯೂ ಅಷ್ಟೇ. ಎಲ್ಲರೂ ಓಡಾಡುವ ಆಫೀಸಿನಲ್ಲಿ ಮಾನಿಟರಿಗೆ ಚೀಟಿ ಅಂಟಿಸಬಾರದು, ನಿಜ. ಆದರೆ ಮನೆಯ ಬೀರುವಿಗೆ ಬೇರೆ ದೇಶದ ಹ್ಯಾಕರ್ ಬರುವುದಿಲ್ಲ. ಗಟ್ಟಿಯಾದ ಪಾಸ್‌ವರ್ಡ್ ಇಟ್ಟು ಚೀಟಿಯಲ್ಲಿ ಬರೆದುಕೊಳ್ಳಿ, ಚೀಟಿಯನ್ನು ಪರ್ಸಿನಲ್ಲಿ ದುಡ್ಡಿನ ಹಾಗೆ ಕಾಪಾಡಿಕೊಳ್ಳಿ ಎಂದು ಭದ್ರತಾ ತಜ್ಞ ಬ್ರೂಸ್ ಶ್ನೈಯರ್ 2005ರಲ್ಲೇ ಹೇಳಿದ್ದರು. ಇನ್ನು ಕೊರ್ಬಾಟೊ? ಪಾಸ್‌ವರ್ಡನ್ನು ಕಂಪ್ಯೂಟರಿಗೆ ತಂದ ಅವರು 2014ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಇದೊಂದು ದುಃಸ್ವಪ್ನವಾಗಿಬಿಟ್ಟಿದೆ ಎಂದರು. ತಮ್ಮವನ್ನು ನೆನಪಿಡಲು ಮೂರು ಹಾಳೆಯಷ್ಟು ಬರೆದಿಟ್ಟುಕೊಂಡಿದ್ದರಂತೆ.

ಇದನ್ನೆಲ್ಲ ಓದಿ ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. "ಆ ಹಾಳೇಲಿ ಏನು ಬರೆದಿದ್ರಿ?"

"ಏನಿಲ್ಲ ಕಣೋ. ವಿಮೆ 7, ಪೆನ್ಷನ್ 4, ಇಮೇಲ್ 3. ಮೂರು ತಿಂಗಳಿಗೊಂದ್ಸಲ ಬದಲಾಯಿಸು ಅಂತಿದ್ರಲ್ಲ, ಎಷ್ಟನೇದಕ್ಕೆ ಬಂದಿದೀನಿ ಅಂತ ಮರೆತುಹೋಗ್ತಿತ್ತು. ಮಿಕ್ಕಿದ್ದು ನಿಮ್ಮಮ್ಮನಿಗೆ ಗೊತ್ತಲ್ಲ."

ಅರ್ಧ ಹಾಳೆಯಲ್ಲಿ, ಅರ್ಧ ಅಮ್ಮನ ತಲೆಯಲ್ಲಿ. ಹಾಳೆ ಕಳ್ಳನಿಗೆ ಸಿಕ್ಕರೂ ಅವನಿಗೆ ಬರೀ 7, 4, 3. ನಾನು ಆ ಹಾಳೆಯನ್ನು ಸರಿಯಾಗಿ ನೋಡಿಯೂ ಇರಲಿಲ್ಲ, ಬೈದಿದ್ದೆ. "ತಪ್ಪಾಯ್ತಪ್ಪ" ಅಂದೆ. "ಬಿಡೋ, ಆ ಸೈಟೇ ಸರಿ ಇಲ್ಲ" ಅಂದರು.

ಈಗ ಬೀರುವಿನ ಲಾಕರಿನಲ್ಲಿ, ಅಮ್ಮನ ಬಳೆಗಳ ಕೆಳಗೆ, ಒಂದು ಹೊಸ ನೋಟ್‌ಪುಸ್ತಕ ಇದೆ. ಪ್ರತಿ ಯುಗಾದಿಗೆ ಪಂಚಾಂಗ ತಂದ ದಿನ ತೆಗೆದು ಸರಿ ಇದೆಯಾ ನೋಡುತ್ತೇವೆ. ನನ್ನದೆಲ್ಲ ಪಾಸ್‌ವರ್ಡ್ ಮ್ಯಾನೇಜರಿನಲ್ಲಿದೆ, ಅದರ ಮುಖ್ಯ ಪಾಸ್‌ವರ್ಡ್ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. "ನಿನ್ನನ್ನೂ ಗಾಜಿನ ಬಾಗಿಲಿನ ಒಳಗೆ ಕರ್ಕೊಂಡು ಹೋದ್ರೆ ನಾನೇನು ಮಾಡ್ಲಿ?" ಅಂತ ಹೆಂಡತಿ ಕೇಳಿದ ಮೇಲೆ, ಈ ಸಲ ಅದರ ಅರ್ಧವನ್ನು ನಾನೂ ಬರೆದೆ. ಮಿಕ್ಕರ್ಧ ಅವಳಿಗೆ ಗೊತ್ತು.

ಅಪ್ಪ ಕನ್ನಡಕ ಏರಿಸಿ ನನ್ನ ಸಾಲಿನ ಮೇಲೆ ಬೆರಳಿಟ್ಟರು. "ಇದೇನೋ, ಒಂದೋ ಏಳೋ? ಸರಿಯಾಗಿ ಬರಿ."