ಇಂಗ್ಲೆಂಡಿನ ಪರಿಸರ ಭೂನಿರ್ವಹಣಾ ಯೋಜನೆಗಳು

ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಟ್ಟ ಮೇಲೆ ಇಂಗ್ಲೆಂಡಿನಲ್ಲಿ ಹಳೆಯ ಕೃಷಿ ಸಹಾಯಧನದ ಬದಲಿಗೆ ಜಾರಿಗೆ ಬಂದ ಯೋಜನೆಗಳಿವು. 2020ರ ಕೃಷಿ ಕಾಯಿದೆ ಇವಕ್ಕೆ ಆಧಾರ. ರೈತನ ಬಳಿ ಜಮೀನು ಎಷ್ಟಿದೆ ಎಂದು ನೋಡದೆ, ಆ ಜಮೀನಿನ ಮಣ್ಣು, ನೀರು, ಹಕ್ಕಿ, ಹುಳುಗಳಿಗಾಗಿ ಅವನು ಏನು ಮಾಡುತ್ತಾನೆ ಎಂದು ನೋಡಿ ಹಣ ಕೊಡುವುದು ಇವುಗಳ ತತ್ವ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ನೀತಿಗಳು ಬೇರೆ.

ಈ ವಿಚಾರ ತೀರಾ ಹೊಸದಲ್ಲ. 1980ರ ದಶಕದಲ್ಲಿ ನಾರ್ಫೋಕ್‌ನ ಹ್ಯಾಲ್ವರ್‌ಗೇಟ್ ಜೌಗು ಹುಲ್ಲುಗಾವಲುಗಳನ್ನು ಗೋಧಿಗಾಗಿ ಉಳತೊಡಗಿದಾಗ ದೊಡ್ಡ ವಿವಾದ ಎದ್ದಿತು. 1985ರಲ್ಲಿ ಅಲ್ಲಿನ ರೈತರಿಗೆ ದನ ಮೇಯಿಸುವುದನ್ನೇ ಮುಂದುವರಿಸಲು ಎಕರೆಗೆ 50 ಪೌಂಡ್ ಕೊಡಲಾಯಿತು. ಎರಡು ವರ್ಷಗಳಲ್ಲಿ ಅದೇ ಮಾದರಿ ಇತರ ಸೂಕ್ಷ್ಮ ಪ್ರದೇಶಗಳಿಗೂ ಹಬ್ಬಿತು. ಆದರೂ ಹಣದ ದೊಡ್ಡ ಪಾಲು ಹೋಗುತ್ತಿದ್ದುದು ವಿಸ್ತೀರ್ಣದ ಲೆಕ್ಕದಲ್ಲೇ. 2020ರಲ್ಲಿ ಬಯಲುನಾಡಿನ ಹೆಕ್ಟೇರೊಂದಕ್ಕೆ, ಅಂದರೆ ಸುಮಾರು ಎರಡೂವರೆ ಎಕರೆಗೆ, ಸಿಗುತ್ತಿದ್ದುದು ಹತ್ತಿರಹತ್ತಿರ 233 ಪೌಂಡ್. ಹೆಚ್ಚು ಜಮೀನಿದ್ದವರಿಗೆ ಹೆಚ್ಚು ಹಣ. ಇದು ಅನ್ಯಾಯವೆಂಬ ಟೀಕೆ ಸರಿಯೇ. ಆದರೆ ಕುರಿ, ದನ ಸಾಕುವ ಅನೇಕ ಸಣ್ಣ ರೈತರ ಲೆಕ್ಕಪುಸ್ತಕದಲ್ಲಿ ನಷ್ಟವನ್ನು ತುಂಬುತ್ತಿದ್ದುದೂ ಇದೇ ಹಣ.

ಈ ಹಣಕ್ಕೆ 2021ರಿಂದ ಕತ್ತರಿ ಬಿತ್ತು. ಮೊದಲ ವರ್ಷ 30,000 ಪೌಂಡ್‌ವರೆಗಿನ ಮೊತ್ತದಲ್ಲಿ ಶೇ. 5, ಒಂದೂವರೆ ಲಕ್ಷ ಪೌಂಡ್ ಮೀರಿದ ಭಾಗದಲ್ಲಿ ಶೇ. 25 ಕಡಿತವಾಯಿತು. ಏಳು ವರ್ಷಗಳಲ್ಲಿ ಹಂತಹಂತವಾಗಿ ಮುಗಿಸುವ ಯೋಜನೆ ಅದು. ಆದರೆ 2025ರ ಕಡಿತ ಎಷ್ಟು ತೀವ್ರವಾಗಿತ್ತೆಂದರೆ, ಎಷ್ಟೇ ದೊಡ್ಡ ಜಮೀನಿದ್ದರೂ ಒಬ್ಬರಿಗೆ 7,200 ಪೌಂಡ್‌ಗಿಂತ ಹೆಚ್ಚು ಸಿಗಲಿಲ್ಲ.

ಹೊಸ ವ್ಯವಸ್ಥೆಯಲ್ಲಿ ಮೂರು ಭಾಗಗಳಿವೆ: ಸುಸ್ಥಿರ ಕೃಷಿ ಪ್ರೋತ್ಸಾಹಧನ, ಕಂಟ್ರಿಸೈಡ್ ಸ್ಟೂವರ್ಡ್‌ಶಿಪ್ (ಗ್ರಾಮೀಣ ಪರಿಸರ ಪಾಲನೆ), ಮತ್ತು ವಿಶಾಲ ಭೂಪ್ರದೇಶಗಳ ಪುನಶ್ಚೇತನ. ಹೆಚ್ಚಿನ ರೈತರಿಗೆ ನಿಲುಕಿದ್ದು 2022ರಲ್ಲಿ ಆರಂಭವಾದ ಮೊದಲನೆಯದು. ಬೇಲಿಗಿಡಗಳನ್ನು ಎತ್ತರಕ್ಕೆ ಬೆಳೆಯಬಿಡುವುದು, ಕೀಟನಾಶಕ ಸಿಂಪಡಿಸದಿರುವುದು, ಉಳುಮೆಯಿಲ್ಲದೆ ಬಿತ್ತುವುದು, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ದರ. 2024ರಲ್ಲಿ ಚಳಿಗಾಲದ ಹಕ್ಕಿಗಳಿಗೆ ಕಾಳು ಬೆಳೆದರೆ ಹೆಕ್ಟೇರಿಗೆ 853 ಪೌಂಡ್ ಸಿಗುತ್ತಿತ್ತು. ಹಲವು ಬಗೆಯ ಮೇವಿನ ಗಿಡಗಳನ್ನು ಬೆರೆಸಿ ಬಿತ್ತಿದರೆ 382 ಪೌಂಡ್.

ಈ ಮಿಶ್ರ ಹುಲ್ಲುಗಾವಲೇ ಹೊಸ ವ್ಯವಸ್ಥೆಗೆ ರೈತರು ಮಾಡಿಕೊಂಡ ಹೊಂದಾಣಿಕೆಯ ಅತ್ಯುತ್ತಮ ಉದಾಹರಣೆ. ಇದರಲ್ಲಿ ಬೆಳೆಯುವ ಕ್ಲೋವರ್ ಗಿಡ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ನಮ್ಮಲ್ಲಿ ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ ಆಳಕ್ಕೆ ಬೇರಿಳಿಸಿ ಬರದಲ್ಲೂ ಹಸಿರಾಗಿರುತ್ತದೆ. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ 2022ರಲ್ಲಿ ರಸಗೊಬ್ಬರದ ಬೆಲೆ ಗಗನಕ್ಕೇರಿದಾಗ ಇಂಥ ಹುಲ್ಲುಗಾವಲಿನ ಮೌಲ್ಯ ಇನ್ನಷ್ಟು ರೈತರಿಗೆ ಅರಿವಾಯಿತು. ಗೋಧಿಯನ್ನೇ ನೆಚ್ಚಿದ್ದ ಕೆಲವು ಹೊಲಗಳಿಗೆ ಕುರಿಗಳು ಮರಳಿದವು. ಇಳುವರಿ ಬಾರದ ಜೇಡಿಮಣ್ಣಿನ ಮೂಲೆಗಳನ್ನು, ಯಂತ್ರ ತಿರುಗಿಸಲಾಗದ ಅಂಚುಗಳನ್ನು ಹಲವರು ಹೂವಿಗೂ ಹಕ್ಕಿಗೂ ಬಿಟ್ಟರು. ಕೆಲವರು ಇಡೀ ಜಮೀನನ್ನೇ ಹೀಗೆ ಬಿಟ್ಟರೆ ಆಹಾರ ಬೆಳೆಯುವವರು ಯಾರು ಎಂಬ ಆತಂಕ ಎದ್ದಾಗ, 2024ರಲ್ಲಿ ಇಂಥ ಆರು ಕೆಲಸಗಳಿಗೆ ಜಮೀನಿನ ಶೇ. 25ರ ಮಿತಿ ಹಾಕಲಾಯಿತು.

ಗೇಣಿದಾರರ ಪಾಡು ಬೇರೆಯೇ. ಇಂಗ್ಲೆಂಡಿನ ಕೃಷಿಭೂಮಿಯ ಸುಮಾರು ಮೂರನೆಯ ಒಂದು ಭಾಗ ಗೇಣಿಯದು. ಪ್ರೋತ್ಸಾಹಧನಕ್ಕೆ ಒಡೆಯರ ಒಪ್ಪಿಗೆ ಬೇಡವೆಂಬ ನಿಯಮ ಅವರಿಗೆ ನೆರವಾಯಿತು. ಆದರೆ ಒಡೆಯನೇ ಜಮೀನನ್ನು ವಾಪಸು ಪಡೆದು ಮರ ನೆಡಲು ಹೊರಟರೆ ಗೇಣಿದಾರ ಹೋಗುವುದೆಲ್ಲಿಗೆ? ಕೇಟ್ ರಾಕ್ ನೇತೃತ್ವದ 2022ರ ವರದಿ ಗೇಣಿದಾರರ ಇಂಥ ಸಂಕಷ್ಟಗಳನ್ನು ಸರಕಾರದ ಮುಂದಿಟ್ಟಿತು.

2025ರ ಮಾರ್ಚ್ 11ರ ಸಂಜೆ ಪ್ರೋತ್ಸಾಹಧನದ ಹೊಸ ಅರ್ಜಿಗಳನ್ನು ಹಠಾತ್ತನೆ ನಿಲ್ಲಿಸಲಾಯಿತು. ಮೀಸಲಿಟ್ಟ ಹಣ ಮುಗಿದಿದೆ ಎಂಬುದು ಸರಕಾರದ ಸಮಜಾಯಿಷಿ. ಸುಮಾರು 37,000 ಒಪ್ಪಂದಗಳು ಆಗ ಚಾಲ್ತಿಯಲ್ಲಿದ್ದವು; ಹಳೆಯ ನೆರವು ಕರಗಿ, ಹೊಸದಕ್ಕೆ ಅರ್ಜಿ ಸಿದ್ಧಪಡಿಸುತ್ತಿದ್ದವರು ನಡುವೆ ಸಿಕ್ಕಿಬಿದ್ದರು. ಅರ್ಜಿಯನ್ನು ಅರ್ಧ ತುಂಬಿದ್ದ ಕೆಲವರಿಗೆ ಮುಂದೆ ಮತ್ತೆ ಅವಕಾಶ ಸಿಕ್ಕಿತು. ಮಣ್ಣು ಸುಧಾರಿಸಲು ಹಲವು ವರ್ಷ ಬೇಕು. ಆದರೆ ನಿಯಮಗಳು ಪ್ರತಿವರ್ಷ ಬದಲಾದವು. 2023ರ ಮೂರು ವರ್ಷಗಳ ಒಪ್ಪಂದಗಳ ಅವಧಿ 2026ರಿಂದ ಮುಗಿಯತೊಡಗುತ್ತದೆ. ಕ್ಲೋವರ್ ಉಳಿಸಿಕೊಳ್ಳಬೇಕೋ, ಉತ್ತು ಗೋಧಿ ಬಿತ್ತಬೇಕೋ ಎಂಬುದನ್ನು ಆ ರೈತರು ಆಗ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.