ಹೊಗೆಯನ್ನಳೆಯುವ ಕೊಳಗ

ನಮ್ಮೂರು ಕೆಂಕೆರೆ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಬಳಿ ಇದೆ. ತಿಪಟೂರು, ತುರುವೇಕೆರೆಗಳಂತೆ ಇದೂ ತೆಂಗಿನ ಸೀಮೆ. ಇಲ್ಲಿಯ ಬದುಕೆಲ್ಲ ಲೆಕ್ಕದ ಮೇಲೆ ನಿಂತದ್ದು. ಕಾಯನ್ನು ಎಣಿಸಿ ಅಟ್ಟಕ್ಕೆ ಹಾಕುತ್ತಾರೆ. ತಿಂಗಳುಗಟ್ಟಲೆ ಕಾದು, ಸುಲಿದು, ಒಡೆದು, ಕೊಬ್ಬರಿಯನ್ನು ತೂಗಿ ತಿಪಟೂರಿನ ಮಾರುಕಟ್ಟೆಗೆ ಕಳಿಸುತ್ತಾರೆ. ಮಟ್ಟೆ ನಾರಿಗಾಗುತ್ತದೆ, ಚಿಪ್ಪು ಇದ್ದಿಲಿಗಾಗುತ್ತದೆ. ಇಷ್ಟರಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವುದು ಒಂದೇ: ಚಿಪ್ಪು ಸುಡುವಾಗ ಏಳುವ ಹೊಗೆ.

ಕೆಲವು ವರ್ಷಗಳ ಹಿಂದೆ ಮಾಗಿಯ ಒಂದು ಮುಂಜಾನೆ ನಾನು ಊರಿನಲ್ಲಿದ್ದೆ. ರಾತ್ರಿಯೆಲ್ಲ ಚಿಪ್ಪು ಸುಟ್ಟ ಹೊಗೆ ಮೇಲಕ್ಕೇರದೆ, ತೋಟದ ಗರಿಗಳ ಕೆಳಗೇ ಚಾಪೆ ಹಾಸಿದಂತೆ ಮಲಗಿತ್ತು. ಜಗಲಿಯ ಮೇಲೆ ಕುಳಿತಿದ್ದ ನಮ್ಮ ದೊಡ್ಡಮ್ಮ ಕೆಮ್ಮಿ ಸುಧಾರಿಸಿಕೊಂಡು, "ಕಾಯಿ ಎಣಿಸ್ತೀವಿ, ಕೊಬ್ಬರಿ ತೂಗ್ತೀವಿ. ಹೊಗೆ ಅಳೆಯೋಕೆ ಯಾವ ಕೊಳಗ ಐತೆ ಮಗಾ?" ಎಂದರು. ಅವರು ಹಾಸ್ಯಕ್ಕೆ ಆಡಿದ ಮಾತು. ಆದರೆ ಈ ಪ್ರಶ್ನೆಯನ್ನು ಮನುಷ್ಯ ಏಳು ಶತಮಾನಗಳಿಂದ ಕೇಳಿಕೊಳ್ಳುತ್ತ ಬಂದಿದ್ದಾನೆ. ಆ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಈ ಹೊತ್ತಿನ ನನ್ನ ಉದ್ದೇಶ.

ಮೊದಲ ಕೊಳಗ ಮೂಗು. 1306ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಲಂಡನ್ನಿನಲ್ಲಿ ಕಲ್ಲಿದ್ದಲು ಸುಡುವುದನ್ನು ನಿಷೇಧಿಸಿದ. ಅದರ ನಾತವನ್ನು ಜನ ಸಹಿಸಲಾರದಾಗಿದ್ದರು. ಸೌದೆ ದುಬಾರಿಯಾದಂತೆ ಆ ಆಜ್ಞೆ ಮೂಲೆಗೆ ಬಿತ್ತು. ನಮ್ಮಲ್ಲಿ 1860ರ ಭಾರತ ದಂಡ ಸಂಹಿತೆಯ 278ನೆಯ ಕಲಮು, ಆರೋಗ್ಯಕ್ಕೆ ಕೆಡುಕಾಗುವಂತೆ ಗಾಳಿಯನ್ನು ಕೆಡಿಸಿದವನಿಗೆ 500 ರೂಪಾಯಿಗಳವರೆಗೆ ದಂಡವನ್ನು ವಿಧಿಸಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 1,000 ರೂಪಾಯಿ ಆಗಿದೆ. ಎಷ್ಟು ಕೆಟ್ಟರೆ ಕೆಟ್ಟಂತೆ ಎಂಬುದನ್ನು ಮಾತ್ರ ಆ ಕಲಮು ಹೇಳಲಿಲ್ಲ.

ಎರಡನೆಯ ಕೊಳಗ ಕಣ್ಣು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರಿಂಗೆಲ್ಮನ್ ಎಂಬಾತ ಒಂದು ಪಟವನ್ನು ರಚಿಸಿದ. ಬಿಳಿ ಕಾಗದದ ಮೇಲೆ ಕರಿಯ ಗೆರೆಗಳನ್ನು ದಟ್ಟಗೊಳಿಸುತ್ತ ಹೋಗಿ, ಕೊಳವೆಯ ಹೊಗೆಯನ್ನು ಅದರೊಡನೆ ಹೋಲಿಸಿ ಅಂಕ ಕೊಡುವ ಕ್ರಮ ಅದು. ಕಲ್ಕತ್ತೆಯ ಹೊಗೆಗಾಗಿ 1905ರಲ್ಲಿ, ಮುಂಬಯಿಯ ಹೊಗೆಗಾಗಿ 1912ರಲ್ಲಿ ಕಾನೂನುಗಳಾದವು. ಕಣ್ಣು ಹೊಗೆಯ ಬಣ್ಣವನ್ನು ಕಂಡೀತು. ಅದನ್ನು ಉಸಿರಾಡಿದವನ ಎದೆಯೊಳಗೆ ಆಗುವುದು ಅದಕ್ಕೆ ಕಾಣದು.

ಅದನ್ನು ಕಾಣಿಸಿಕೊಟ್ಟದ್ದು ಸಾವು. 1930ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಮ್ಯೂಸ್ ಕಣಿವೆಯಲ್ಲಿ, ನಮ್ಮ ತೋಟದಲ್ಲಿ ಕಂಡಂತೆಯೇ, ತಣ್ಣನೆಯ ಗಾಳಿ ನೆಲಕ್ಕೆ ಕವುಚಿಕೊಂಡು ಕಾರ್ಖಾನೆಗಳ ಹೊಗೆಯನ್ನು ಹಿಡಿದಿಟ್ಟಿತು. ಕೆಲವೇ ದಿನಗಳಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಅದನ್ನು ಪರಿಶೀಲಿಸಿದ ಫಿರ್ಕೆ ಎಂಬ ವೈದ್ಯವಿಜ್ಞಾನಿ, ಇಂಥದೇ ವಿಪತ್ತು ಲಂಡನ್ನಿಗೆ ಬಂದರೆ 3,000ಕ್ಕೂ ಹೆಚ್ಚು ಜನ ಸಾಯಬಹುದೆಂದು ಲೆಕ್ಕ ಹಾಕಿದ. ಲೆಕ್ಕವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಹೊಗೆಮಂಜು ಕವಿಯಿತು. ಸುಮಾರು 4,000 ಮಂದಿ ಸತ್ತರೆಂದು ಆಗ ಎಣಿಸಿದರು. ಆ ಸಂಖ್ಯೆ 12,000ದಷ್ಟಿರಬೇಕೆಂಬುದು ಅನಂತರದ ಅಂದಾಜು. ನಾಲ್ಕು ವರ್ಷಗಳ ಮೇಲೆ, 1956ರಲ್ಲಿ, ಬ್ರಿಟನ್ನು ಶುದ್ಧ ಗಾಳಿಯ ಕಾಯಿದೆಯನ್ನು ಮಾಡಿತು.

ಆದರೂ ಒಂದು ಪ್ರಶ್ನೆ ಉಳಿಯಿತು. ವಿಪತ್ತಿಲ್ಲದ ದಿನಗಳಲ್ಲಿ, ಯಾರ ಗಮನಕ್ಕೂ ಬಾರದ ತೆಳುವಾದ ಹೊಗೆ ಏನು ಮಾಡುತ್ತದೆ? ಇದಕ್ಕೆ ಉತ್ತರ ಸಿಗಲು 1993 ಬರಬೇಕಾಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಆರು ಊರುಗಳ 8,000ಕ್ಕೂ ಹೆಚ್ಚು ವಯಸ್ಕರ ಬಾಳನ್ನು 14ರಿಂದ 16 ವರ್ಷಗಳ ಕಾಲ ಗಮನಿಸಿದ್ದರು. ಧೂಮಪಾನ ಮೊದಲಾದ ಕಾರಣಗಳನ್ನು ಲೆಕ್ಕದಿಂದ ಕಳೆದ ಮೇಲೂ, ಅತಿ ಕೊಳಕು ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುಭ್ರ ಗಾಳಿಯ ಊರಿಗಿಂತ ಶೇಕಡಾ 26ರಷ್ಟು ಹೆಚ್ಚಾಗಿತ್ತು. ಇದರೊಡನೆ ಹೆಚ್ಚು ಹೊಂದಿಕೊಂಡು ಬಂದದ್ದು ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಿನಷ್ಟಿರುವ ಇವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕೊಳಕು ಊರಿನ ಒಂದು ಘನ ಮೀಟರ್ ಗಾಳಿಯಲ್ಲಿ ಅವು ಸುಮಾರು 30 ಮೈಕ್ರೋಗ್ರಾಂ ಇದ್ದವು, ಶುಭ್ರ ಊರಿನಲ್ಲಿ 11. ಈ 30 ಎಂಬ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ನಮ್ಮ ದೇಶದ ಕಥೆ 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದ ಮೊದಲಾಗುತ್ತದೆ. ಅಲ್ಲಿ ಒಪ್ಪಿದ ಮಾತಿನ ಮೇರೆಗೆ ಸಂಸತ್ತು 1981ರಲ್ಲಿ ವಾಯು ಕಾಯಿದೆಯನ್ನು ಅಂಗೀಕರಿಸಿತು. ಮರುವರ್ಷ ಗಾಳಿಗೆ ಮೊದಲ ಮಿತಿಗಳು ಬಂದವು. ಅವು ವಿಚಿತ್ರವಾದವು. ತೇಲುವ ಧೂಳಿಗೆ ಕೈಗಾರಿಕಾ ಪ್ರದೇಶದಲ್ಲಿ 500 ಮೈಕ್ರೋಗ್ರಾಂ, ವಸತಿ ಹಾಗೂ ಗ್ರಾಮೀಣ ಪ್ರದೇಶದಲ್ಲಿ 200, ಸೂಕ್ಷ್ಮ ಪ್ರದೇಶದಲ್ಲಿ 100. ಕಾರ್ಖಾನೆಯ ಬೇಲಿಯ ಪಕ್ಕದಲ್ಲಿ ಹುಟ್ಟಿದ ಕೂಸು ಐದು ಪಾಲು ಧೂಳನ್ನು ತಾಳಿಕೊಳ್ಳಬಲ್ಲುದೆಂದು ಯಾವ ವೈದ್ಯನೂ ಹೇಳಿರಲಿಲ್ಲ. ಅಲ್ಲಿ ಅಳೆದದ್ದು ಜಾಗದ ಅನುಕೂಲವನ್ನು, ಎದೆಯ ತಾಳಿಕೆಯನ್ನಲ್ಲ. 1994ರ ಪರಿಷ್ಕರಣೆಯೂ ಈ ಭೇದವನ್ನು ಉಳಿಸಿಕೊಂಡಿತು. 2009ರ ನವೆಂಬರಿನಲ್ಲಿ ಮಾತ್ರ ಕೈಗಾರಿಕೆಯ ನೆರೆಯವನಿಗೂ ಹಳ್ಳಿಯವನಿಗೂ ಒಂದೇ ಮಿತಿ ಬಂತು. ಸಣ್ಣ ಕಣಗಳಿಗೂ ಮೊದಲ ಬಾರಿಗೆ ಅಂಕಿ ದೊರೆಯಿತು: ವರ್ಷದ ಸರಾಸರಿ 40, ದಿನದ ಸರಾಸರಿ 60. ನನ್ನ ದೃಷ್ಟಿಯಲ್ಲಿ, ಸದ್ದಿಲ್ಲದೆ ನಡೆದ ಈ ತಿದ್ದುಪಡಿ ಒಂದು ದೊಡ್ಡ ನ್ಯಾಯ.

ಆದರೆ ನೆನಪಿಟ್ಟುಕೊಂಡ 30ನ್ನು ಈಗ 40ರ ಪಕ್ಕದಲ್ಲಿಡಿ. ಅಮೆರಿಕದ ಆ ಕೊಳಕು ಊರು ನಮ್ಮ ಕಾನೂನಿನ ಕಣ್ಣಿಗೆ ಶುದ್ಧವಾದ ಊರು! ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ವರ್ಷದ ಸರಾಸರಿಗೆ 10 ಎಂದಿದ್ದ ಸಲಹೆಯನ್ನು 2021ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಸಿತು. ಒಮ್ಮೆಗೇ ಅಲ್ಲಿಗೆ ತಲುಪಲಾರದ ದೇಶಗಳಿಗಾಗಿ 35, 25, 15, 10 ಎಂಬ ಮೆಟ್ಟಿಲುಗಳನ್ನೂ ಹೇಳಿದೆ. ನಾವು ಮೊದಲ ಮೆಟ್ಟಿಲಿನ ಕೆಳಗೆ ನಿಂತಿದ್ದೇವೆ. ಸಲಹೆ ಆರೋಗ್ಯವನ್ನು ಮಾತ್ರ ನೋಡುತ್ತದೆ, ಕಾನೂನು ಖರ್ಚನ್ನೂ ನೋಡಬೇಕಾಗುತ್ತದೆ ಎಂಬುದು ನಿಜ. ಹಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. 40 ಎಂಬುದು ಕ್ಷೇಮದ ಗೆರೆಯಲ್ಲ. ಸದ್ಯಕ್ಕೆ ಇಷ್ಟು ಹಾನಿಯನ್ನು ಸಹಿಸೋಣ ಎಂದು ನಾವು ಮಾಡಿಕೊಂಡ ಒಪ್ಪಂದ. ಆ ಒಪ್ಪಂದದಲ್ಲಿ ನಮ್ಮ ದೊಡ್ಡಮ್ಮನಂಥವರ ಮಾತನ್ನು ಕೇಳಿದವರಿಲ್ಲ.

ಅಷ್ಟೇ ಅಲ್ಲ, ಈ ಕೊಳಗ ಹಳ್ಳಿಗೆ ಬರುವುದೇ ಅಪರೂಪ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರಗಿ. ಎಲ್ಲವೂ ನಗರಗಳೇ. ಕಾಗದದ ಮೇಲೆ ಕೆಂಕೆರೆಯ ಗಾಳಿಗೂ ಬೆಂಗಳೂರಿನ ಗಾಳಿಗೂ ಮಿತಿ ಒಂದೇ. ಆದರೆ ಅಳೆಯದ ಕಡೆ ಮಿತಿ ಮೀರಿತೆಂದು ಹೇಳುವವರಾರು?

ಚಿಪ್ಪು ಸುಡುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಅದು ಬಡವರ ಕೂಲಿ, ರೈತನ ಆದಾಯ. ನಾಲ್ಕು ಕಿಲೋ ಚಿಪ್ಪು ಸುಟ್ಟರೆ ಇದ್ದಿಲು ಸಿಗುವುದು ಸುಮಾರು ಒಂದು ಕಿಲೋ. ಉಳಿದದ್ದು ಆವಿ, ಅನಿಲ, ಟಾರು ಆಗಿ ಗಾಳಿಗೆ ಸೇರುತ್ತದೆ. ಆ ಅನಿಲ ಉರಿಯಬಲ್ಲದು. ಮುಚ್ಚಿದ ಗೂಡಿನಲ್ಲಿ ಅದನ್ನೇ ಉರಿಸಿಬಿಟ್ಟರೆ ಹೊಗೆ ಬಹಳ ಮಟ್ಟಿಗೆ ತಗ್ಗುತ್ತದೆ. ತೆರೆದ ಗುಂಡಿಯ ಬಳಿ ರಾತ್ರಿಯಿಡೀ ನಿಲ್ಲುವ ಕೂಲಿಯವನಿಗೆ ಅದರಿಂದ ಮೊದಲ ಉಪಕಾರ.

ಇನ್ನೊಂದು ಸಂಗತಿ. ಚಿಪ್ಪಿನ ಇದ್ದಿಲನ್ನು ಸಂಸ್ಕರಿಸಿದರೆ ಅದು ವಿಷವನ್ನು ಹೀರುವ ಗುಣವನ್ನು ಪಡೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿತ್ತು. ಇಂದಿಗೂ ನೀರನ್ನೂ ಗಾಳಿಯನ್ನೂ ಶೋಧಿಸುವ ಯಂತ್ರಗಳಲ್ಲಿ ಅದಿದೆ. ಯಾರದೋ ಕೋಣೆಯ ಗಾಳಿಯನ್ನು ತಿಳಿಯಾಗಿಸುವ ವಸ್ತು ನಮ್ಮ ಸೀಮೆಯ ಗಾಳಿಯನ್ನು ಕದಡಿ ಹುಟ್ಟುತ್ತದೆ.

ದೊಡ್ಡಮ್ಮನ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಕೊಳಗ ಇದೆ, ಅದನ್ನು ಮಾಡಲು ಏಳು ಶತಮಾನಗಳೂ ಬಹಳ ಜನರ ಪ್ರಾಣವೂ ಬೇಕಾದವು. ಅದನ್ನು ತಂದು ನಮ್ಮ ಜಗಲಿಯ ಮುಂದೆ ಇಡುವುದಷ್ಟೇ ಬಾಕಿ.